ಹಿತ್ತಿಲ ತೋಟವೂ ದುಂಬಿಯ ಋಣವೂ

೧

ಮನೆಗೆ ಮುಂದೆ ಅಂಗಳವೂ ಹಿಂದೆ ಹಿತ್ತಿಲೂ ಇರುವುದು ನಮ್ಮ ನಾಡಿನಲ್ಲಿ ಪೂರ್ವದಿಂದ ನಡೆದುಬಂದ ಪದ್ಧತಿ. ಅಂಗಳವು ಬಂದವರ ಕಣ್ಣಿಗಾಗಿ, ಹಿತ್ತಿಲು ಮನೆಯವರ ಹೊಟ್ಟೆಗಾಗಿ. ದೇವರ ತಲೆಗೆ ನಾಲ್ಕು ಹೂ, ಸಾರಿಗೆ ಒಂದು ಹಿಡಿ ಸೊಪ್ಪು, ಹಬ್ಬಕ್ಕೆ ಒಂದು ಕುಂಬಳಕಾಯಿ, ಮಗುವಿಗೆ ಕೆಮ್ಮು ಬಂದರೆ ಎರಡು ದೊಡ್ಡಪತ್ರೆಯ ಎಲೆ, ಇಷ್ಟನ್ನು ಪೇಟೆಯ ಹಂಗಿಲ್ಲದೆ ಕೊಡತಕ್ಕ ಸ್ಥಳವೇ ಹಿತ್ತಿಲು. ಅರಸರ ಉದ್ಯಾನಗಳ ಚರಿತ್ರೆಯನ್ನು ಬರೆದವರು ಹಲವರಿರುವರು. ಹಿತ್ತಿಲಿನ ಚರಿತ್ರೆಯನ್ನು ಬರೆದವರು ವಿರಳ. ಹಿತ್ತಿಲ ಗಿಡ ಮದ್ದಲ್ಲ ಎಂಬ ಗಾದೆಯು ಗಿಡಕ್ಕೆ ಸಲ್ಲುವಂತೆ ಹಿತ್ತಿಲಿಗೂ ಸಲ್ಲುವುದೆಂದು ತೋರುತ್ತದೆ.

ಆ ಚರಿತ್ರೆಯ ಒಂದು ಮುಖವನ್ನು ಮಾತ್ರ ಇಲ್ಲಿ ವಿಚಾರಿಸಬೇಕೆಂದಿದ್ದೇನೆ. ಹಿತ್ತಿಲಿಗೆ ಕರೆಯದೆ ಬಂದು, ಕೇಳದೆ ಉಂಡು, ಹೇಳದೆ ಹೋಗುವ ಅತಿಥಿಗಳು ಕೆಲವರುಂಟು. ಜೇನು, ದುಂಬಿ, ಚಿಟ್ಟೆ, ಇರುಳಿನ ಪತಂಗ ಇವೇ ಅವರು. ಇವರು ಉಂಡುದಕ್ಕೆ ಬೆಲೆ ಕೊಟ್ಟೇ ಹೋಗುತ್ತಾರೆಂಬುದನ್ನು ಮನುಷ್ಯನು ಯಾವಾಗ, ಹೇಗೆ ಅರಿತನು? ಅರಿತ ಮೇಲೆ ಏನು ಮಾಡಿದನು? ಇದೇ ಪ್ರಕೃತ ವಿಷಯ.

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದುದಕ್ಕೆ ನಾನು ಮಾಡಿದ ಒಂದು ತಪ್ಪೇ ಕಾರಣ. ನಮ್ಮ ಹಳೆಯ ಮನೆಯ ಹಿಂಗೋಡೆ ಮಣ್ಣಿನದಾಗಿತ್ತು. ಬಚ್ಚಲಿನ ಪಕ್ಕದಲ್ಲಿ, ಆಳೆತ್ತರದಲ್ಲಿ, ಆ ಗೋಡೆಯಿಂದ ಕಿರುಬೆರಳಿನ ಗಾತ್ರದ ಮೇಣದ ಕೊಳವೆಯೊಂದು ಹೊರಚಾಚಿಕೊಂಡಿತ್ತು. ಅದು ಮುಜಂಟಿ ಜೇನಿನ ಬಾಗಿಲು. ಎಳ್ಳುಕಾಳಿನಂತಹ ಆ ಕರಿಯ ನೊಣಗಳಿಗೆ ಕೊಂಡಿಯಿಲ್ಲ; ಅವು ಯಾರನ್ನೂ ನೋಯಿಸಿದುದನ್ನು ನಾನು ಕಾಣೆ. ನನ್ನ ತಾಯಿ ಮದುವೆಯಾಗಿ ಬಂದಾಗಲೇ ಅವು ಅಲ್ಲಿದ್ದುವಂತೆ. ಕೆಲವು ವರ್ಷಗಳ ಕೆಳಗೆ ಮನೆಯನ್ನು ಸರಿಪಡಿಸುವ ಉತ್ಸಾಹದಲ್ಲಿ ನಾನು ಆ ಗೋಡೆಗೆ ಸಿಮೆಂಟಿನ ಗಾರೆ ಮಾಡಿಸಿದೆನು. ಕಂಬಳಿಹುಳುವಿನ ಕಾಟವೆಂದು ನುಗ್ಗೆಯ ಮರವನ್ನು ಕಡಿಸಿದೆನು. ಕೆಸರಾಗುವುದೆಂದು ಹಿತ್ತಿಲ ಮುಕ್ಕಾಲು ಪಾಲಿಗೆ ಕಲ್ಲು ಹಾಸಿಸಿ, ಬಣ್ಣದೆಲೆಯ ಕ್ರೋಟನ್ ಕುಂಡಗಳನ್ನು ಸಾಲಾಗಿ ಇಡಿಸಿದೆನು. ನೋಡಿದವರೆಲ್ಲರೂ ಮೆಚ್ಚಿದರು. ಆ ಮಳೆಗಾಲದಲ್ಲಿ ಉಳಿದಿದ್ದ ಮೂಲೆಯ ಸಿಹಿಗುಂಬಳದ ಬಳ್ಳಿ ಎಂದಿನಂತೆ ಹೂಬಿಟ್ಟಿತು. ಒಂದಾದರೂ ಕಾಯಿ ನಿಲ್ಲಲಿಲ್ಲ. ಹೆಣ್ಣುಹೂವಿನ ಬುಡದ ಪುಟ್ಟ ಮಿಡಿಗಳು ಹಳದಿಯಾಗಿ ಉದುರಿದುವು. ತಾಯಿಯವರು ಬೆಳಗಾಗೆದ್ದು, ಗಂಡುಹೂವನ್ನು ಕಿತ್ತು, ಎಸಳು ಬಿಡಿಸಿ, ಅದರ ಕೇಸರವನ್ನು ಹೆಣ್ಣುಹೂವಿಗೆ ಮುಟ್ಟಿಸತೊಡಗಿದರು. “ಇದು ನನ್ನ ಕೆಲಸವಲ್ಲವಪ್ಪಾ, ಗೋಡೆಯವರ ಕೆಲಸ” ಎಂದು ಒಂದು ದಿನ ಹೇಳಿದರು. ಬೇರೇನನ್ನೂ ಹೇಳಲಿಲ್ಲ. ಆ ಒಂದು ಮಾತು ನನ್ನನ್ನು ಪುಸ್ತಕಗಳ ಬಳಿಗೆ ಕಳುಹಿಸಿತು.

೨

ಕೈಯಿಂದ ಪರಾಗವನ್ನು ಮುಟ್ಟಿಸುವ ಈ ಕೆಲಸವು ಬಹು ಪುರಾತನವಾದುದು. ಖರ್ಜೂರದಲ್ಲಿ ಗಂಡುಮರ ಬೇರೆ, ಹೆಣ್ಣುಮರ ಬೇರೆ. ಗಂಡುಹೂವಿನ ಹುಡಿಯನ್ನು ಹೆಣ್ಣುಗೊಂಚಲಿನ ಮೇಲೆ ಉದುರಿಸಿದರೆ ಹಣ್ಣು ನಿಲ್ಲುವುದೆಂಬುದನ್ನು ಗ್ರೀಸ್ ದೇಶದ ಥಿಯೋಫ್ರಾಸ್ಟಸನು ಕ್ರಿಸ್ತಪೂರ್ವ ೪ನೆಯ ಶತಮಾನದಲ್ಲಿಯೇ ತಿಳಿದಿದ್ದನು. ಅದಕ್ಕೂ ಐದು ಶತಮಾನಗಳ ಹಿಂದಿನ ಅಸ್ಸೀರಿಯದ ಅರಮನೆಗಳ ಗೋಡೆಗಳಲ್ಲಿ, ರೆಕ್ಕೆಯುಳ್ಳ ಪುರುಷರು ಮೊಗ್ಗಿನಾಕಾರದ ವಸ್ತುವೊಂದನ್ನು ಮರದ ಕಡೆಗೆ ಹಿಡಿದಿರುವ ಶಿಲ್ಪಗಳಿವೆ. ಇದು ಖರ್ಜೂರದ ಪರಾಗದಾನವೆಂದು ಕೆಲವು ಪಂಡಿತರ ಮತ. ಮತ್ತೆ ಕೆಲವರು ಒಪ್ಪುವುದಿಲ್ಲ. ಅದೇನೇ ಇರಲಿ, ಖರ್ಜೂರದ ಮಟ್ಟಿಗೆ ತಿಳಿದ ಸತ್ಯವನ್ನು ಮಿಕ್ಕ ಗಿಡಬಳ್ಳಿಗಳಿಗೆಲ್ಲ ಹೊಂದಿಸಿ ನೋಡುವ ಯೋಚನೆಯು ಎರಡು ಸಾವಿರ ವರ್ಷಗಳವರೆಗೆ ಬರಲಿಲ್ಲ.

ನಮ್ಮ ದೇಶದಲ್ಲಿ ಗಿಡಮರಗಳ ವಿದ್ಯೆಗೆ ವೃಕ್ಷಾಯುರ್ವೇದವೆಂಬ ಗೌರವದ ಹೆಸರಿತ್ತು. ೬ನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಇದಕ್ಕಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿರುವನು. ಕನ್ನಡದಲ್ಲಿ ಸುಮಾರು ೧೦೨೫ರಲ್ಲಿ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿಯೂ ವೃಕ್ಷಾಯುರ್ವೇದದ ಪ್ರಕರಣವುಂಟು. ಗೃಹಸ್ಥನಿಗೆ ಬೇಕಾದುದನ್ನೆಲ್ಲ ದೇಶಭಾಷೆಯಲ್ಲಿ ಒಂದೆಡೆ ಕೂಡಿಸಿಡುವ ಆ ಗ್ರಂಥದಲ್ಲಿ ತೋಟದ ವಿದ್ಯೆಗೂ ಮಣೆ ದೊರೆತುದು ಸಂತೋಷದ ಸಂಗತಿ. ಮರವು ಕಾಯಿ ಕಚ್ಚದಿದ್ದರೆ ಮಾಡತಕ್ಕ ಉಪಾಯವನ್ನೂ ವರಾಹಮಿಹಿರನು ಹೇಳಿರುವನು. ಹುರುಳಿ, ಉದ್ದು, ಹೆಸರು, ಎಳ್ಳು, ಜವೆ ಇವುಗಳೊಡನೆ ಕಾಯಿಸಿ ಆರಿಸಿದ ಹಾಲನ್ನು ಬುಡಕ್ಕೆ ಎರೆಯಬೇಕಂತೆ. ನೆಲದ ಗುಣ, ನೀರಿನ ಕಾಲ, ಗಿಡದಿಂದ ಗಿಡಕ್ಕೆ ಇರತಕ್ಕ ಅಂತರ ಇವುಗಳ ವಿಷಯದಲ್ಲಿ ಹಿರಿಯರ ಜ್ಞಾನವು ಇಂದಿಗೂ ಮೆಚ್ಚತಕ್ಕದ್ದಾಗಿದೆ. ಆದರೆ ಹಣ್ಣು ನಿಲ್ಲುವುದರಲ್ಲಿ ದುಂಬಿಗೂ ಒಂದು ಪಾಲುಂಟೆಂಬ ಮಾತು ಬೃಹತ್ಸಂಹಿತೆಯ ಆ ಅಧ್ಯಾಯದಲ್ಲಿ ಇಲ್ಲ.

ಹಾಗೆಂದು ನಮ್ಮವರು ದುಂಬಿಯನ್ನು ನೋಡಿರಲಿಲ್ಲವೆಂದು ಹೇಳುವುದು ಹೇಗೆ? ಕಾವ್ಯಗಳ ತುಂಬ ಅದರ ಝೇಂಕಾರವೇ ತುಂಬಿದೆ. ೧೦ನೆಯ ಶತಮಾನದ ಆದಿಕವಿ ಪಂಪನು ಬನವಾಸಿಯನ್ನು ನೆನೆದಾಗ, ಅಲ್ಲಿಯ ತೋಟದಲ್ಲಿ ದುಂಬಿಯಾಗಿಯಾದರೂ ಕೋಗಿಲೆಯಾಗಿಯಾದರೂ ಹುಟ್ಟುವುದು ಭಾಗ್ಯವೆಂದು ಬಗೆದನು. ಕನ್ನಡಿಗನ ಕಲ್ಪನೆಯ ಒಳ್ಳೆಯ ತೋಟವೆಂದರೆ ದುಂಬಿಗೆ ವಾಸಯೋಗ್ಯವಾದ ತೋಟವೆಂಬುದು ಇದರಿಂದ ಸಿದ್ಧವಾಯಿತು. ಆದರೂ ಕವಿಗಳು ವಾಡಿಕೆಯಾಗಿ ಕಂಡ ದುಂಬಿಯು ರಸಿಕ, ವಿಟ, ಮಕರಂದದ ಕಳ್ಳ. ಅದು ಪಡೆಯುವುದನ್ನು ಕಂಡರು. ಕೊಡುವುದು ಕಣ್ಣಿಗೆ ಬೀಳಲಿಲ್ಲ. ಹೀಗಿದ್ದರೂ ಮನೆಯ ಹೆಂಗಸರು ತುಳಸಿಯನ್ನು ನೆಟ್ಟರು, ಶಿವನಿಗೆಂದು ತುಂಬೆಯನ್ನು ಉಳಿಸಿದರು, ಬೇಲಿಗೆಂದು ಎಕ್ಕವನ್ನು ಬಿಟ್ಟರು, ಗೋಡೆಯ ಜೇನನ್ನು ಮನೆಯವರೆಂದೆಣಿಸಿದರು. ಕಾರಣವನ್ನು ತಿಳಿಯದೆಯೇ ಕಾರ್ಯವು ನಡೆಯುತ್ತಿತ್ತು.

೩

ಕಾರಣದ ಶೋಧನೆಯು ನಡೆದುದು ಯೂರೋಪಿನಲ್ಲಿ. ಜರ್ಮನಿಯ ಟ್ಯೂಬಿಂಗನ್ ಪಟ್ಟಣದ ಪಂಡಿತನಾದ ಕ್ಯಾಮರೇರಿಯಸನು ಹರಳುಗಿಡದ ಗಂಡುಹೂಗಳನ್ನು ಅರಳುವ ಮೊದಲೇ ಚಿವುಟಿ, ಬೀಜ ಕಟ್ಟದಿರುವುದನ್ನು ಕಂಡನು. ಹಿಪ್ಪುನೇರಳೆ ಮೊದಲಾದ ಗಿಡಗಳಲ್ಲಿಯೂ ಪರೀಕ್ಷೆ ನಡೆಸಿ, ಗಿಡಗಳಲ್ಲಿಯೂ ಸ್ತ್ರೀಪುರುಷ ಭೇದವುಂಟೆಂದು ೧೬೯೪ರಲ್ಲಿ ಪ್ರಕಟಿಸಿದನು. ಆದರೆ ಒಂದು ಹೂವಿನ ಹುಡಿಯನ್ನು ಇನ್ನೊಂದಕ್ಕೆ ಒಯ್ಯುವವರಾರು? ಗಾಳಿಯೆಂದು ಬಹು ಮಂದಿ ನಂಬಿದರು. ೧೭೨೧ರಲ್ಲಿ ಇಂಗ್ಲೆಂಡಿನ ತೋಟಗಾರ ಫಿಲಿಪ್ ಮಿಲ್ಲರನು ತನ್ನ ಟ್ಯೂಲಿಪ್ ಹೂಗಳ ಕೇಸರಗಳನ್ನು ತೆಗೆದುಹಾಕಿ ನೋಡುತ್ತಿರಲು, ಬೇರೆ ಹೂಗಳಿಂದ ಹುಡಿ ಮೆತ್ತಿಕೊಂಡ ಜೇನ್ನೊಣಗಳು ಅವುಗಳಲ್ಲಿ ಹೊಕ್ಕು ಹೊರಟುವು; ಬೀಜವೂ ಕಟ್ಟಿತು. ೧೭೫೦ರಲ್ಲಿ ಐರ್ಲೆಂಡಿನ ಆರ್ಥರ್ ಡಾಬ್ಸನು, ಒಂದು ಸಲ ಹೊರಟ ಜೇನ್ನೊಣವು ಮನೆಗೆ ಮರಳುವವರೆಗೆ ಒಂದೇ ಜಾತಿಯ ಹೂಗಳನ್ನು ಅರಸಿ ಹೋಗುವುದೆಂದು ಬರೆದನು. ಅಂಚೆಯವನು ತಪ್ಪು ಮನೆಗೆ ಕಾಗದ ಕೊಡದಿರುವುದಕ್ಕೆ ಇದೇ ಕಾರಣ.

ಈ ಬಿಡಿ ಸಂಗತಿಗಳನ್ನು ಒಂದು ಶಾಸ್ತ್ರವಾಗಿ ಕಟ್ಟಿದವನು ಕ್ರಿಶ್ಚಿಯನ್ ಕೊನ್ರಾಡ್ ಸ್ಪ್ರೆಂಗೆಲ್. ಇವನು ಬರ್ಲಿನ್ನಿನ ಸಮೀಪದ ಸ್ಪಾಂಡೌ ಪಟ್ಟಣದಲ್ಲಿ ೧೭೮೦ರಿಂದ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದನು. ದೇಹಸ್ಥಿತಿ ಕೆಟ್ಟಾಗ ವೈದ್ಯನೊಬ್ಬನು, ಹೊರಗೆ ತಿರುಗಾಡಿ ಗಿಡಗಳನ್ನು ನೋಡೆಂದು ಉಪದೇಶಿಸಿದನಂತೆ. ೧೭೮೭ರಲ್ಲಿ ಕಾಡು ಜಿರೇನಿಯಂ ಹೂವಿನ ಎಸಳಿನ ಬುಡದಲ್ಲಿ ನವುರಾದ ರೋಮಗಳಿರುವುದು ಇವನ ಕಣ್ಣಿಗೆ ಬಿದ್ದಿತು. ಸೃಷ್ಟಿಕರ್ತನು ವ್ಯರ್ಥವಾಗಿ ಒಂದು ರೋಮವನ್ನಾದರೂ ಇಟ್ಟಿರಲಾರನೆಂಬ ನಂಬಿಕೆಯಿಂದ ಯೋಚಿಸುತ್ತ, ಮಳೆಯ ಹನಿ ಮಕರಂದದಲ್ಲಿ ಬೆರೆಯದಂತೆ ಕಾಯುವುದಕ್ಕಾಗಿಯೇ ಅವು ಇವೆಯೆಂದು ನಿಶ್ಚಯಿಸಿದನು. ಮಕರಂದವನ್ನು ಕಾಪಾಡುವುದು ಯಾರಿಗಾಗಿ? ಬರುವ ಕೀಟಕ್ಕಾಗಿ. ಕೀಟವು ಬರುವುದು ಹೂವಿಗೆ ಏತಕ್ಕಾಗಿ ಬೇಕು? ಹೀಗೆ ಒಂದು ರೋಮದಿಂದ ಹೊರಟ ಪ್ರಶ್ನೆಯು ೪೬೧ ಜಾತಿಯ ಹೂಗಳ ಪರಿಶೀಲನೆಗೆ ಹಬ್ಬಿತು. ಹೂವಿನ ಬಣ್ಣವು ದೂರದಿಂದ ಕರೆಯುವ ಬಾವುಟ, ಎಸಳ ಮೇಲಿನ ಗೆರೆಚುಕ್ಕೆಗಳು ಮಕರಂದಕ್ಕೆ ದಾರಿ ತೋರುವ ಗುರುತು, ಪರಿಮಳವು ಕರೆಯೋಲೆ ಎಂಬುದನ್ನು ೧೭೯೩ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಚಿತ್ರಗಳೊಡನೆ ವಿವರಿಸಿದನು.

ಪಂಡಿತಮಂಡಲಿಯು ಅದನ್ನು ಮನ್ನಿಸಲಿಲ್ಲ. ಮರುವರ್ಷ ಅವನ ಉದ್ಯೋಗವೂ ತಪ್ಪಿತು. ಬರ್ಲಿನ್ನಿನಲ್ಲಿ ಸಣ್ಣ ವಿಶ್ರಾಂತಿವೇತನದಿಂದ ಪಾಠ ಹೇಳಿಕೊಂಡು ಬದುಕಿದ ಆತನು ೧೮೧೧ರಲ್ಲಿ ಮತ್ತೊಂದು ಚಿಕ್ಕ ಪುಸ್ತಕವನ್ನು ಬರೆದನು. ಜೇನುಸಾಕಣೆಯ ದೊಡ್ಡ ಲಾಭವು ಜೇನುತುಪ್ಪದಲ್ಲಾಗಲಿ ಮೇಣದಲ್ಲಾಗಲಿ ಇಲ್ಲ, ಹೊಲ ತೋಟಗಳು ಫಲಿಸುವುದರಲ್ಲಿದೆ ಎಂಬುದು ಅದರ ತಿರುಳು. ೧೮೧೬ರಲ್ಲಿ ಅವನು ತೀರಿಕೊಂಡಾಗ ಈ ಮಾತಿಗೆ ಕಿವಿಗೊಟ್ಟವರು ಬಹು ಕಡಮೆ. ಇನ್ನೂರು ವರ್ಷಗಳ ಮೇಲೆ ಲೋಕದ ಸರಕಾರಗಳೆಲ್ಲ ಸೇರಿ ಒಪ್ಪಬೇಕಾದ ಮಾತನ್ನು ಒಬ್ಬ ಬಡ ಉಪಾಧ್ಯಾಯನು ಮುಂಚಿತವಾಗಿಯೇ ಹೇಳಿದ್ದನು.

೪

ಸ್ಪ್ರೆಂಗೆಲನ ಗ್ರಂಥವು ಸುಮಾರು ಐವತ್ತು ವರ್ಷ ಧೂಳಿನಲ್ಲಿದ್ದು, ೧೮೪೧ರಲ್ಲಿ ಚಾರ್ಲ್ಸ್ ಡಾರ್ವಿನ್ನನ ಕೈ ಸೇರಿತು. ಅದನ್ನು ಓದೆಂದು ಹೇಳಿದವನು ಸಸ್ಯಶಾಸ್ತ್ರಜ್ಞ ರಾಬರ್ಟ್ ಬ್ರೌನ್. ಮರುವರ್ಷವೇ ಡಾರ್ವಿನ್ನನು ಲಂಡನ್ನನ್ನು ಬಿಟ್ಟು ಕೆಂಟ್ ಪ್ರಾಂತದ ಡೌನ್ ಎಂಬ ಹಳ್ಳಿಯಲ್ಲಿ ಮನೆ ಮಾಡಿದನು. ನಮ್ಮ ವಿಷಯಕ್ಕೆ ಮುಖ್ಯವಾದ ಸಂಗತಿಯೇನೆಂದರೆ, ಈ ಮಹಾಶೋಧಕನ ಪ್ರಯೋಗಶಾಲೆಯು ಅವನ ಮನೆಯ ಹಿತ್ತಿಲೇ ಆಗಿತ್ತು. ತನ್ನ ತರಕಾರಿಯ ಪಾತಿಯ ಹುರುಳಿಕಾಯಿಯ ಹೂಗಳಿಗೆ ಜೇನ್ನೊಣಗಳು ಏನು ಮಾಡುವುವೆಂಬುದನ್ನು ನೋಡಿ, ೧೮೫೭ರಲ್ಲಿ ತೋಟಗಾರರ ವಾರಪತ್ರಿಕೆಯೊಂದಕ್ಕೆ ಕಾಗದ ಬರೆದನು. ದೊಡ್ಡ ರೋಮಶ ದುಂಬಿಗಳು ದಿನವೂ ಒಂದೇ ದಾರಿ ಹಿಡಿದು ಹಾರುವುದನ್ನು ಗಮನಿಸಿ, ತನ್ನ ಮಕ್ಕಳನ್ನು ಬೇಲಿಯುದ್ದಕ್ಕೂ ಅಲ್ಲಲ್ಲಿ ನಿಲ್ಲಿಸಿದನು. ದುಂಬಿ ಬಂದೊಡನೆ ಮಕ್ಕಳು ಕೂಗಿ ಹೇಳಬೇಕು, ಮುಂದಿನ ಠಾಣೆಯ ಮಗು ಕಾದು ನೋಡಬೇಕು. ವಿಜ್ಞಾನವು ಇಷ್ಟು ಅಗ್ಗದ ಸಾಮಗ್ರಿಯಿಂದ, ಇಷ್ಟು ಉಲ್ಲಾಸದಿಂದ ನಡೆದ ಸಂದರ್ಭಗಳು ಕೆಲವೇ.

ಅವನ ಒಂದು ಪರೀಕ್ಷೆಯನ್ನು ಇಲ್ಲಿ ಹೇಳಲೇಬೇಕು. ಕೆಂಪು ಕ್ಲೋವರ್ ಎಂಬ ಮೇವಿನ ಗಿಡದ ೧೦೦ ಹೂಗೊಂಚಲುಗಳನ್ನು ದುಂಬಿಗಳಿಗೆ ತೆರೆದಿಟ್ಟನು. ಅವುಗಳಿಂದ ೨,೭೦೦ ಬೀಜಗಳು ದೊರೆತುವು. ಅಷ್ಟೇ ಗೊಂಚಲುಗಳನ್ನು ದುಂಬಿ ಹೊಗದಂತೆ ಮುಚ್ಚಿಟ್ಟನು. ಒಂದು ಬೀಜವೂ ದೊರೆಯಲಿಲ್ಲ. ನನ್ನ ಹಿತ್ತಿಲಿನ ಕುಂಬಳದ ಬಳ್ಳಿಯ ಮೇಲೆ ನಾನು ಅರಿಯದೆ ಇದೇ ಪರೀಕ್ಷೆಯನ್ನು ನಡೆಸಿದ್ದೆನು. ಅವನು ಪರದೆಯನ್ನು ಕಟ್ಟಿದನು. ನಾನು ಸಿಮೆಂಟನ್ನು ಬಳಿಸಿದೆನು.

೫

ಇಷ್ಟೆಲ್ಲ ನಡೆಯುವುದಕ್ಕೆ ಮೊದಲೇ ನಮ್ಮ ಹಿತ್ತಿಲುಗಳಲ್ಲಿ ಸದ್ದಿಲ್ಲದ ಒಂದು ಮಾರ್ಪಾಡು ಆಗಿತ್ತು. ೧೬ನೆಯ ಶತಮಾನದಿಂದೀಚೆಗೆ ಪೋರ್ತುಗೀಜರ ಹಡಗುಗಳ ಮೂಲಕ ಅಮೆರಿಕ ಖಂಡದ ಗಿಡಗಳು ಪಶ್ಚಿಮ ಕರಾವಳಿಗೆ ಬಂದುವು. ಮೆಣಸಿನಕಾಯಿ, ಸೀಬೆ, ಸೀತಾಫಲ, ಸಿಹಿಗುಂಬಳ, ಚೆಂಡುಹೂ ಇವೆಲ್ಲ ಹೊರಗಿನವು. ಪರಂಗಿಯ ಹಣ್ಣಂತೂ ತಂದವರ ಹೆಸರನ್ನೇ ಹೊತ್ತುಕೊಂಡಿದೆ. ಈ ಹೊಸಬರಲ್ಲಿ ಬಹುಪಾಲನ್ನು ನಮ್ಮ ಜೇನು, ದುಂಬಿ, ಪತಂಗಗಳು ಯಾವ ಶಂಕೆಯೂ ಇಲ್ಲದೆ ಒಪ್ಪಿಕೊಂಡುವು. ಒಪ್ಪದೆ ಹೋಗಿದ್ದರೆ ಏನಾಗುತ್ತಿತ್ತೆಂಬುದನ್ನು ವೆನಿಲ್ಲಾ ಬಳ್ಳಿಯ ಕಥೆಯಿಂದ ತಿಳಿಯಬಹುದು.

ವೆನಿಲ್ಲಾ ಮೆಕ್ಸಿಕೋ ಕಾಡಿನ ಬಳ್ಳಿ. ಅದರ ಹೂವಿನಲ್ಲಿ ಕೇಸರಕ್ಕೂ ಗರ್ಭಮುಖಕ್ಕೂ ನಡುವೆ ಒಂದು ತೆಳುವಾದ ತೆರೆಯಿದ್ದು, ಅದನ್ನು ಸರಿಸಬಲ್ಲ ಜೇನುಗಳು ಆ ನಾಡಿನವೇ. ಆದಕಾರಣ ಬೇರೆ ದೇಶಗಳಿಗೆ ಒಯ್ದ ಬಳ್ಳಿಗಳು ಹೂಬಿಟ್ಟರೂ ಬಂಜೆಯಾಗಿಯೇ ಉಳಿದುವು. ೧೮೩೬ರಲ್ಲಿ ಬೆಲ್ಜಿಯಂ ದೇಶದ ಮೋರನ್ ಎಂಬ ಪಂಡಿತನು ಕೈಯಿಂದ ಕಾಯಿ ಕಟ್ಟಿಸಿದನಾದರೂ ಅವನ ವಿಧಾನವು ತೋಟದ ಬಳಕೆಗೆ ಬರಲಿಲ್ಲ. ಆಗ ಬೂರ್ಬೋನ್ ಎಂದೂ ಈಗ ರೆಯೂನಿಯೋನ್ ಎಂದೂ ಹೆಸರಾದ ಹಿಂದೂ ಮಹಾಸಾಗರದ ದ್ವೀಪದಲ್ಲಿ, ೧೮೪೧ರಲ್ಲಿ, ಎಡ್ಮಂಡ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗನು ಇದರ ಮರ್ಮವನ್ನು ಕಂಡುಹಿಡಿದನು. ಸಣ್ಣ ಕಡ್ಡಿಯಿಂದ ಆ ತೆರೆಯನ್ನು ಎತ್ತಿ, ಹೆಬ್ಬೆರಳಿನಿಂದ ಕೇಸರವನ್ನು ಗರ್ಭಮುಖಕ್ಕೆ ಒತ್ತುವುದು, ಅಷ್ಟೇ. ಇಂದಿಗೂ ಲೋಕದ ವೆನಿಲ್ಲಾ ತೋಟಗಳಲ್ಲಿ ನಡೆಯುತ್ತಿರುವುದು ಈ ವಿಧಾನವೇ. ದ್ವೀಪದ ತೋಟಗಾರರು ಧನಿಕರಾದರು. ೧೮೪೮ರಲ್ಲಿ ದಾಸ್ಯದಿಂದ ಬಿಡುಗಡೆಯಾದ ಎಡ್ಮಂಡ್ ಆಲ್ಬಿಯಸನು ೧೮೮೦ರಲ್ಲಿ ಬಡವನಾಗಿಯೇ ಸತ್ತನು. ಉಪಕಾರ ಮಾಡಿದವನನ್ನು ಮರೆಯುವ ವಿಷಯದಲ್ಲಿ ಮನುಷ್ಯನು ದುಂಬಿಗೂ ಮನುಷ್ಯನಿಗೂ ಭೇದವೆಣಿಸುವುದಿಲ್ಲ.

ಈ ಕಥೆಯು ನಮ್ಮ ಮಲೆನಾಡಿನವರಿಗೆ ದೂರದ್ದಲ್ಲ. ೨೦೦೦ದ ಆಸುಪಾಸಿನಲ್ಲಿ ವೆನಿಲ್ಲಾದ ಬೆಲೆ ಏರಿದಾಗ ಕೊಡಗು, ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡಗಳ ಅಡಕೆಯ ತೋಟಗಳಿಗೆಲ್ಲ ಬಳ್ಳಿ ಹಬ್ಬಿತು. ಹೂವು ಒಂದೇ ದಿನದ್ದು. ಬೆಳಗಿನಲ್ಲಿಯೇ ಕೆಲಸ ಮುಗಿಯಬೇಕು. ಹೂಗಾಲದಲ್ಲಿ ಮನೆಯವರೆಲ್ಲ ಕಡ್ಡಿ ಹಿಡಿದು ಬಳ್ಳಿಯಿಂದ ಬಳ್ಳಿಗೆ ನಡೆದರು. ಕೆಲವೇ ವರ್ಷಗಳಲ್ಲಿ ಬೆಲೆ ಕುಸಿದು ಬಹು ತೋಟಗಳಲ್ಲಿ ಬಳ್ಳಿ ಕಾಣದಾಯಿತು. ಆದರೆ ಆ ಬೆಳಗುಗಳನ್ನು ಕಂಡವರಿಗೆ ಒಂದು ಲೆಕ್ಕವು ತಿಳಿದಿರಬೇಕು. ಒಂದು ಬೆಳೆಗೆ ದುಂಬಿಯಿಲ್ಲದಿದ್ದರೆ ಇಷ್ಟು ಕೈಗಳು ಬೇಕಾದುವು. ಎಲ್ಲ ಬೆಳೆಗೂ ಇಲ್ಲದಿದ್ದರೆ ಎಷ್ಟು ಕೈಗಳು ಬೇಕು?

೬

ಈ ಪ್ರಶ್ನೆಯು ಬರಿಯ ತರ್ಕವಾಗಿ ಉಳಿಯಲಿಲ್ಲ. ಕರ್ಣಾಟಕದಲ್ಲಿ ಮುಖ್ಯವಾದ ಜೇನುಗಳು ನಾಲ್ಕು: ಬಂಡೆ, ಹೆಮ್ಮರಗಳಲ್ಲಿ ತೊಟ್ಟಿಲಂತೆ ತೂಗುವ ಹೆಜ್ಜೇನು, ಪೊದೆಯ ಕಡ್ಡಿಗೆ ಒಂದೇ ಎರಿ ಕಟ್ಟುವ ಕೋಲುಜೇನು, ಪೊಟರೆಯಲ್ಲಿ ಸಾಲಾಗಿ ಎರಿ ಕಟ್ಟುವ ತುಡುವೆ, ಗೋಡೆಯ ಬಿರುಕಿನ ಮುಜಂಟಿ. ಇವುಗಳಲ್ಲಿ ಪೆಟ್ಟಿಗೆಯಲ್ಲಿ ಸಾಕಲು ಒಗ್ಗಿದುದು ತುಡುವೆ. ೧೮೫೧ರಲ್ಲಿ ಅಮೆರಿಕದ ಲ್ಯಾಂಗ್ಸ್ಟ್ರಾತ್ ಎಂಬ ಪಾದ್ರಿಯು ಎರಿಗಳ ನಡುವೆ ಜೇನು ಬಿಡುವ ಅಂತರವನ್ನು ಅಳೆದು, ಚೌಕಟ್ಟುಗಳನ್ನು ಎತ್ತಿ ಇಡಬಹುದಾದ ಪೆಟ್ಟಿಗೆಯನ್ನು ರಚಿಸಿದ್ದನು. ನಮ್ಮ ಚಿಕ್ಕ ಮೈಯ ತುಡುವೆಗೆ ತಕ್ಕಂತೆ ಅದನ್ನು ಕಿರಿದುಮಾಡಿದವನು ತಿರುಚಿನಾಪಳ್ಳಿಯ ಪಾದ್ರಿ ನ್ಯೂಟನ್. ಇದು ೨೦ನೆಯ ಶತಮಾನದ ಎರಡನೆಯ ದಶಕದ ಮಾತು. ೧೯೩೦ರ ದಶಕದಲ್ಲಿ ಕೊಡಗಿನ ವಿರಾಜಪೇಟೆಯಲ್ಲಿ ಜೇನುಗಾರರ ಸಹಕಾರ ಸಂಘವು ಹುಟ್ಟಿತು. ಅಂದಿನಿಂದ ಕೊಡಗಿನಲ್ಲಿಯೂ ದಕ್ಷಿಣ ಕನ್ನಡದಲ್ಲಿಯೂ ಹಿತ್ತಿಲಲ್ಲಿ ಒಂದೆರಡು ಪೆಟ್ಟಿಗೆಗಳನ್ನು ಇಟ್ಟುಕೊಳ್ಳುವುದು ಸಾಮಾನ್ಯವಾಯಿತು. ಕೊಡಗಿನ ಜೇನೆಂದರೆ ದೇಶದಲ್ಲೆಲ್ಲ ಹೆಸರಾಯಿತು.

೧೯೯೧-೯೨ರಲ್ಲಿ ಈ ಸಂಪತ್ತಿಗೆ ಸಿಡಿಲೆರಗಿತು. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು ತುಡುವೆಗಳಲ್ಲಿ ಹರಡಿತು. ಮರಿಹುಳುಗಳು ಗೂಡಿನ ಕೋಶದಲ್ಲಿಯೇ ನೀರು ತುಂಬಿದ ಚೀಲಗಳಂತಾಗಿ ಸತ್ತುವು. ಹೊಸ ಮರಿಗಳಿಲ್ಲದೆ ಕುಟುಂಬಗಳು ಕ್ಷಯಿಸಿದುವು. ಕರ್ಣಾಟಕದಲ್ಲಿಯೂ ಕೇರಳದಲ್ಲಿಯೂ ಸಾಕಿದ ತುಡುವೆಯ ಬಹುಭಾಗವು ನಾಶವಾಯಿತು. ರೋಗವನ್ನು ತಡೆದು ಬದುಕಿದ ಅಲ್ಪ ಕುಟುಂಬಗಳಿಂದ ತುಡುವೆಯು ಮೆಲ್ಲಮೆಲ್ಲನೆ ಮತ್ತೆ ಹೆಚ್ಚಿತು. ೧೯೬೦ರ ದಶಕದಲ್ಲಿ ಉತ್ತರ ಭಾರತದಲ್ಲಿ ನೆಲೆಗೊಳಿಸಿದ ಯೂರೋಪಿನ ಜೇನನ್ನೂ ಈಗ ನಮ್ಮ ಬಯಲುಸೀಮೆಯಲ್ಲಿ ಸಾಕುವರು.

ಆ ದುರ್ದಿನಗಳಲ್ಲಿ ಜನರು ಮುಖ್ಯವಾಗಿ ಮರುಗಿದುದು ಜೇನುತುಪ್ಪಕ್ಕಾಗಿ. ಏಲಕ್ಕಿಯಂತಹ ಬೆಳೆಗೆ ಜೇನ್ನೊಣವೇ ಮುಖ್ಯ ಪರಾಗವಾಹಕವೆಂಬುದು ಕೃಷಿಶಾಸ್ತ್ರಜ್ಞರಿಗೆ ತಿಳಿದಿದ್ದಿತು. ಸಾಮಾನ್ಯ ಗೃಹಸ್ಥನ ಗಮನಕ್ಕೆ ಅದು ಬಂದಿರಲಿಲ್ಲ. ೨೦೧೬ರಲ್ಲಿ ಹಲವು ರಾಷ್ಟ್ರಗಳ ಪರವಾಗಿ ವಿದ್ವಾಂಸರು ಸಿದ್ಧಪಡಿಸಿದ ವರದಿಯು, ಲೋಕದ ಮುಖ್ಯ ಆಹಾರ ಬೆಳೆಗಳಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಜಾತಿಗಳು ಸ್ವಲ್ಪವಾದರೂ ಪ್ರಾಣಿಗಳ ಪರಾಗದಾನವನ್ನು ಅವಲಂಬಿಸಿರುವುವೆಂದು ತಿಳಿಸಿತು. ಸ್ಪ್ರೆಂಗೆಲನು ೧೮೧೧ರಲ್ಲಿ ಹೇಳಿದ ಮಾತಿಗೆ ದೊರೆತ ಅಂಗೀಕಾರವಿದು.

೭

ಹಾಗಾದರೆ ಗೃಹಸ್ಥನು ಏನು ಮಾಡಬೇಕು? ಹಳೆಯ ಹಿತ್ತಿಲನ್ನು ಒಮ್ಮೆ ನೆನೆದರೆ ಉತ್ತರವು ಬಹುಮಟ್ಟಿಗೆ ಅಲ್ಲಿಯೇ ಸಿಕ್ಕುವುದು. ಅದರ ಮೊದಲ ಗುಣವೆಂದರೆ ವರ್ಷದುದ್ದಕ್ಕೂ ಏನಾದರೊಂದು ಹೂ ಇರುತ್ತಿದ್ದುದು. ಚಳಿಗಾಲದಲ್ಲಿ ಮಾವು, ಕೊತ್ತಂಬರಿ, ಹುಚ್ಚೆಳ್ಳು, ಬೇಸಗೆಯಲ್ಲಿ ಹೊಂಗೆ, ಬೇವು, ನೇರಳೆ, ಹುಣಿಸೆ, ಬಹುಕಾಲ ನುಗ್ಗೆ, ಎಲ್ಲ ಕಾಲಕ್ಕೂ ತುಳಸಿ. ಮಲೆನಾಡಿನ ಜೇನಿಗೆ ನಿಜವಾದ ಬರಗಾಲವೆಂದರೆ ಆಷಾಢ ಶ್ರಾವಣಗಳ ಮಳೆಗಾಲ. ಆಗ ಕೈಹಿಡಿಯುವುವು ತುಂಬೆ, ಕರ್ಣಕುಂಡಲ, ಮುಟ್ಟಿದರೆ ಮುನಿ, ತರಕಾರಿಯ ಬಳ್ಳಿ ಇಂತಹ ಬಡ ಹೂಗಳೇ. ಕಳೆಯೆಂದು ನಾವು ಕಿತ್ತೆಸೆಯುವ ತುಂಬೆಯು ಆ ತಿಂಗಳಿನಲ್ಲಿ ಅನ್ನಸತ್ರವಾಗಿರುವುದು.

ಎರಡನೆಯದಾಗಿ, ಅತಿಥಿಗಳು ಬೇರೆ ಬೇರೆಯಾದುದರಿಂದ ಅಡಿಗೆಯೂ ಬೇರೆ ಬೇರೆಯಾಗಬೇಕು. ಲೋಕದಲ್ಲಿ ಜೇನಿನ ಬಳಗದ ಜಾತಿಗಳು ಸುಮಾರು ೨೦,೦೦೦. ಅವುಗಳಲ್ಲಿ ಬಹುಪಾಲು ತುಪ್ಪವನ್ನು ಕೂಡಿಸದೆ ಒಂಟಿಯಾಗಿ ಬಾಳುವುವು. ಬದನೆ, ಟೊಮೇಟೋಗಳ ಕೇಸರವು ತುದಿಯಲ್ಲಿ ಮಾತ್ರ ರಂಧ್ರವುಳ್ಳ ಮುಚ್ಚಿದ ಭರಣಿ. ಜೇನ್ನೊಣಕ್ಕೆ ಅದನ್ನು ಬಿಡಿಸಲು ಬಾರದು. ನೀಲಿ ಪಟ್ಟೆಯ ಒಂಟಿ ದುಂಬಿಯೂ, ಮರ ಕೊರೆಯುವ ಕರಿಯ ಬಡಗಿದುಂಬಿಯೂ ಹೂವನ್ನು ತಬ್ಬಿ ಮೈಯನ್ನು ಗುಂಯ್ ಎಂದು ಅದುರಿಸಿ ಹುಡಿಯನ್ನು ಉದುರಿಸುವುವು. ಎಕ್ಕದ ಹೂವಿನ ಬಿಗಿಯಾದ ಬೀಗಕ್ಕೂ ಬಡಗಿದುಂಬಿಯೇ ಕೀಲಿಕೈ. ಸೋರೆ, ಪಡವಲಗಳ ಬೆಳ್ಳನೆಯ ಹೂಗಳು ಸಂಜೆಯಾದ ಮೇಲೆ ಅರಳಿ ಇರುಳಿನ ಪತಂಗಗಳನ್ನು ಕಾಯುವುವು. ಹಿತ್ತಿಲಿಗೆ ರಾತ್ರಿಯೆಲ್ಲ ಪ್ರಖರವಾದ ದೀಪವನ್ನು ಉರಿಸುವವರು ಈ ಅತಿಥಿಗಳನ್ನು ದಾರಿ ತಪ್ಪಿಸುವರು. ಕರಿಬೇವು, ನಿಂಬೆ, ಈಶ್ವರೀಬಳ್ಳಿಗಳ ಎಲೆಯನ್ನು ಹುಳು ತಿಂದರೆ ಕೋಪಿಸಬಾರದು. ಅದು ನಾಳಿನ ಚಿಟ್ಟೆ.

ಮೂರನೆಯದು ವಾಸಸ್ಥಾನ. ಒಂಟಿ ದುಂಬಿಗಳಲ್ಲಿ ಹಲವು ಬರಿಯ ನೆಲದಲ್ಲಿಯೂ, ಮಣ್ಣಿನ ದಿಬ್ಬದಲ್ಲಿಯೂ, ಬಿದಿರಿನ ಟೊಳ್ಳಿನಲ್ಲಿಯೂ ಮರಿ ಮಾಡುವುವು. ಹೂವಿದ್ದರೂ ಮನೆಯಿಲ್ಲದ ಕಡೆ ಅವು ನಿಲ್ಲಲಾರವು. ಮೂಲೆಯಲ್ಲಿ ಒಂದು ಮೊಳ ನೆಲವನ್ನು ಅಗೆಯದೆ ಮುಚ್ಚದೆ ಬಿಡುವುದು, ಒಣ ಬಿದಿರಿನ ಒಂದು ಕಟ್ಟನ್ನು ಸೂರಿನಡಿಯಲ್ಲಿ ತೂಗುಹಾಕುವುದು, ಬೇಸಗೆಯಲ್ಲಿ ಕಲ್ಲುಹರಳಿಟ್ಟ ತಟ್ಟೆಯಲ್ಲಿ ನೀರಿಡುವುದು, ಹೂವಿರುವಾಗ ವಿಷವನ್ನು ಸಿಂಪಡಿಸದಿರುವುದು, ಇವಕ್ಕೆ ಖರ್ಚೇನೂ ಇಲ್ಲ.

ಎರಡು ಎಚ್ಚರಿಕೆಗಳೂ ಬೇಕು. ಅಂಗಡಿಯಲ್ಲಿ ಮೆಚ್ಚುಗೆ ಪಡೆದ ಸುತ್ತುಸುತ್ತಿನ ಎಸಳಿನ ಹೂಗಳಲ್ಲಿ ಹಲವಕ್ಕೆ ಕೇಸರವೇ ಎಸಳಾಗಿ ಮಾರ್ಪಟ್ಟಿರುವುದರಿಂದ ಅಲ್ಲಿ ಉಣ್ಣಲು ಏನೂ ಇರುವುದಿಲ್ಲ. ಅದು ಬಾಳೆಲೆಯಿದ್ದು ಅನ್ನವಿಲ್ಲದ ಪಂಕ್ತಿ. ಅದಲ್ಲದೆ, 'ಚಿಟ್ಟೆ ಬಂದರೆ ಸಾಕು' ಎಂದು ಸಿಕ್ಕಿದ ಗಿಡವನ್ನೆಲ್ಲ ನೆಡಲಾಗದು. ೧೯ನೆಯ ಶತಮಾನದ ಆದಿಯಲ್ಲಿ ಅಲಂಕಾರಕ್ಕೆಂದು ಭಾರತಕ್ಕೆ ತಂದ ಲಾಂಟಾನವು ಚಿಟ್ಟೆಗಳಿಗೆ ಪ್ರಿಯವೇ ಸರಿ. ಆದರೆ ಅದು ತೋಟವನ್ನು ಮೀರಿ ನಮ್ಮ ಕಾಡುಗಳನ್ನೇ ಆವರಿಸಿ, ಅಡಿಗಿಡಗಳ ಉಸಿರನ್ನು ಕಟ್ಟಿತು.

೮

ಈ ಚರಿತ್ರೆಯಿಂದ ನನಗೆ ತಿಳಿದುದಿಷ್ಟು. ಹಿಂದಿನವರಿಗೆ ಹಿತ್ತಿಲಿತ್ತು, ಅದರ ರಹಸ್ಯದ ಅರಿವಿರಲಿಲ್ಲ. ನಮಗೆ ಅರಿವು ಬಂದಿದೆ, ಹಿತ್ತಿಲು ಹೋಗುತ್ತಿದೆ. ಅವರು ಭಕ್ತಿಯಿಂದಲೂ ರೂಢಿಯಿಂದಲೂ ಮಾಡಿದುದನ್ನು ನಾವು ತಿಳಿದು ಮಾಡಬೇಕಾದ ಕಾಲವು ಬಂದಿರುವುದು. ಎಕರೆಗಳ ಒಡೆಯನಿಗೆ ಮಾತ್ರ ಇದು ಸಾಧ್ಯವೆಂದು ತಿಳಿಯಬಾರದು. ಮಹಡಿಯ ಮೇಲಣ ನಾಲ್ಕು ಕುಂಡಗಳಲ್ಲಿಯೂ ತುಳಸಿಯನ್ನು ಹೂಬಿಡಗೊಟ್ಟರೆ ಸತ್ರವು ತೆರೆದಂತೆಯೇ.

ನನ್ನ ತಪ್ಪಿಗೆ ಪ್ರಾಯಶ್ಚಿತ್ತವಾಗಿ ಅರ್ಧ ಹಿತ್ತಿಲ ಕಲ್ಲನ್ನು ಎಬ್ಬಿಸಿದ್ದೇನೆ. ನುಗ್ಗೆಯ ಕೊಂಬೆಯನ್ನು ಊರಿದುದು ಚಿಗುರಿ, ಎರಡನೆಯ ವರ್ಷ ಹೂವಾಯಿತು. ತುಂಬೆ ತಾನಾಗಿ ಎದ್ದಿತು. ಬಾವಿಯ ಬಳಿಯ ಮಣ್ಣಿನ ದಿಬ್ಬದಲ್ಲಿ ನೀಲಿ ಪಟ್ಟೆಯ ದುಂಬಿಗಳು ಬಿಲ ತೋಡಿವೆ. ಬದನೆ ಚೆನ್ನಾಗಿ ಹಿಡಿದಿದೆ. ಕುಂಬಳಕ್ಕೆ ತುಡುವೆಗಳು ಎಲ್ಲಿಂದಲೋ ಬರುತ್ತವೆ. ಮುಜಂಟಿಗಾಗಿ ಸಣ್ಣ ತೂತಿನ ಮಡಕೆಯೊಂದನ್ನು ಅದೇ ಗೋಡೆಗೆ, ಅದೇ ಎತ್ತರದಲ್ಲಿ ಕಟ್ಟಿದ್ದೇನೆ. ಅವು ಇನ್ನೂ ಬಂದಿಲ್ಲ. ತಾಯಿಯವರು ಈಗ ಇಲ್ಲ. ಅವರಿದ್ದಷ್ಟು ದಿನವೂ ಬೆಳಗ್ಗೆ ಹಿತ್ತಿಲ ಬಾಗಿಲನ್ನು ತೆರೆದು ಮೊದಲು ನೋಡುತ್ತಿದ್ದುದು ಆ ಮಡಕೆಯ ಬಾಯನ್ನು. ಆ ನೋಡುವಿಕೆಯನ್ನು ಅವರಿಂದ ಪಡೆದು ನಾನು ಮುಂದುವರಿಸಿದ್ದೇನೆ.